ಟೇಲರನ ಆತ್ಮಚರಿತ್ರೆಯಲ್ಲಿ ಸುರಪುರದ ಅನುಧಾವನ ಪ್ರಸಂಗ

ಮೆಡೋಸ್ ಟೇಲರನ ಆತ್ಮಚರಿತ್ರೆಯು (1877) ಸುರಪುರದ ರಾಜಾ ವೆಂಕಟಪ್ಪ ನಾಯಕನ ವೃತ್ತಾಂತದಲ್ಲಿ ಕರುಣರಸವನ್ನು ಪೋಷಿಸಿರುವುದು ನಿರ್ವಿವಾದವು. 1858ರ ಫೆಬ್ರವರಿಯ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿಯು ಹತನಾದನು. ರಾಜನಾದರೋ ಸುರಪುರವನ್ನು ಬಿಟ್ಟು ಹೈದರಾಬಾದಿಗೆ ಹೋಗಿ ಅಲ್ಲಿ ಸೆರೆಸಿಕ್ಕನು. ಅಟ್ಟುವವನಿಗೂ ಅಪಾಯವುಂಟಷ್ಟೆ. ಶಾಕುಂತಲದ ಸೂತನು ಇದನ್ನು ಬಲ್ಲನು. ನೆಲವು ಏರುತಗ್ಗಾಗಿರಲು ಕುದುರೆಗಳ ವಾಘೆಯನ್ನು ಬಿಗಿಹಿಡಿದಿದ್ದನು. ಅಲ್ಲಿ ರಥವು ಮೃಗವನ್ನು ಸಮೀಪಿಸಲು, ವೈಖಾನಸನು ನಡುವೆ ಬಂದು ಮೃಗದ ಪರವಾಗಿ ನುಡಿಯುವನು. ಟೇಲರನ ಗ್ರಂಥದಲ್ಲಿ ಅಂತಹ ದನಿಯಿಲ್ಲ. ಅಟ್ಟಿದ ಪಕ್ಷದವನೇ ಅಟ್ಟಿಸಿಕೊಂಡವನಿಗಾಗಿ ಮರುಗುವನು. ತನ್ನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದವನನ್ನು ಸೆರೆಯಲ್ಲಿ ಕಂಡ ಸನ್ನಿವೇಶವು ಗ್ರಂಥದ ಉತ್ಕೃಷ್ಟಭಾಗವೇ ಸರಿ. ಆದರೆ ಪೋಷಕನೂ ಅಧಿಕಾರಿಯೂ ಒಬ್ಬನೇ ಆಗಿರುವಾಗ ಆ ಕಣ್ಣೀರನ್ನು ಪ್ರಮಾಣವೆಂದು ಪೂರ್ಣವಾಗಿ ಅಂಗೀಕರಿಸಲಾಗದು. ಸುರಪುರದ ಬೇಡರು ರಾಜನ ವಿಷಯದಲ್ಲಿ ಏನನ್ನು ಹೇಳುತ್ತಿದ್ದರೆಂಬುದು ಈ ಪುಟಗಳಿಂದ ತಿಳಿಯುವುದಿಲ್ಲ.