ಹುಡುಗನೋ, ಹುಡುಗರೋ?

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನಡೆಯುವಾಗ ನನ್ನ ಕಣ್ಣು ಅಂಗಡಿಗಳ ಮೇಲಲ್ಲ, ಬೋರ್ಡುಗಳ ಮೇಲೆ. ಅದರಲ್ಲೂ ಇಂಗ್ಲಿಷ್ ಅಕ್ಷರಗಳ ನೆತ್ತಿಗೆ ನೇತುಬೀಳುವ ಆ ಸಣ್ಣ ಕೊಕ್ಕೆಯ ಮೇಲೆ. ಅಪಾಸ್ಟ್ರಫಿ. ಕಾಲೇಜುಗಳ ಊರಾದ್ದರಿಂದ ಇಲ್ಲಿ ಹಾಸ್ಟೆಲ್ಲುಗಳಿಗೆ ಬರವಿಲ್ಲ. ಮೊನ್ನೆ ಒಂದು ಅಡ್ಡರಸ್ತೆಯಲ್ಲಿ ‘ಬಾಯ್ಸ್ ಹಾಸ್ಟೆಲ್’ ಎಂಬ ಹೊಸ ಫ್ಲೆಕ್ಸ್ ಕಂಡೆ. ಕೊಕ್ಕೆ ವೈ ಮತ್ತು ಎಸ್ ನಡುವೆ ಕೂತಿತ್ತು. ಅಂದರೆ ಒಬ್ಬನೇ ಹುಡುಗನ ಹಾಸ್ಟೆಲ್! ಮೂರು ಮಹಡಿಯುದ್ದಕ್ಕೂ ಒಣಹಾಕಿದ್ದ ಬಟ್ಟೆ ಬೇರೆಯೇ ಲೆಕ್ಕ ಹೇಳುತ್ತಿತ್ತು.

ಫ್ಲೆಕ್ಸಿನವನ ತಪ್ಪಿಗಿಂತ ಇದರಲ್ಲಿ ಇಂಗ್ಲಿಷಿನ ಕಳ್ಳಾಟವೇ ಹೆಚ್ಚು. ಹುಡುಗರು, ಹುಡುಗನ, ಹುಡುಗರ: ಮೂರೂ ನಮ್ಮ ಕಿವಿಗೆ ಬೇರೆ ಬೇರೆ. ಇಂಗ್ಲಿಷಿನಲ್ಲಿ ಮೂರಕ್ಕೂ ‘ಬಾಯ್ಸ್’ ಎಂಬ ಒಂದೇ ಸದ್ದು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ನಾಟಕದಲ್ಲಿ ಕಟ್ಟಕಡೆಯ ಸಾಲಿನವನಿಗೂ ವಿಭಕ್ತಿ ಕಿವಿಗೇ ಮುಟ್ಟುತ್ತಿತ್ತು. ಇಂಗ್ಲಿಷಿನವನು ಅದನ್ನು ಕಾಗದದಲ್ಲಿ ಕಂಡೇ ತಿಳಿಯಬೇಕು.

ಮೂಲದಲ್ಲಿ ಈ ಕೊಕ್ಕೆ ಲೋಪಸಂಧಿಯ ಗುರುತು. 16ನೇ ಶತಮಾನದಲ್ಲಿ ಫ್ರೆಂಚರನ್ನು ನೋಡಿ ಇಂಗ್ಲಿಷರು ಕಲಿತದ್ದು. ಊರು, ಅಲ್ಲಿ ಸೇರಿ ‘ಊರಲ್ಲಿ’ ಆದಾಗ ಬಿದ್ದುಹೋದ ಉಕಾರಕ್ಕೆ ನಾವು ಅಳುವುದಿಲ್ಲ. ಅವರು ಅಕ್ಷರ ಬಿದ್ದ ಜಾಗದಲ್ಲಿ ವೀರಗಲ್ಲು ನಿಲ್ಲಿಸುತ್ತಾರೆ. ಹಳೆಯ ಷಷ್ಠಿ ಪ್ರತ್ಯಯದ ‘ಇ’ ಉದುರಿದಲ್ಲೂ ಒಂದು ಕಲ್ಲು ನೆಟ್ಟರು. ಬಹುವಚನದಲ್ಲಿ ಅದನ್ನು ಎಸ್ ಆದಮೇಲೆ ನೆಡುವ ರೂಢಿ ನೆಲೆಗೊಳ್ಳಲು ಮತ್ತೂ ಇನ್ನೂರು ವರ್ಷ ಹಿಡಿಯಿತು. (ನಮ್ಮ ಜಿಲ್ಲೆಯ ತೀ.ನಂ.ಶ್ರೀ. ಹೆಸರಿನ ಚುಕ್ಕಿಗಳದೂ ಇದೇ ಕುಲ: ತೀರ್ಥಪುರ, ನಂಜುಂಡಯ್ಯ, ಶ್ರೀಕಂಠಯ್ಯ, ಮೂರು ಲೋಪ, ಮೂರು ಚುಕ್ಕಿ. ಸಂಪಿಗೆಯಲ್ಲಿ ಅದೇ 1884ರಲ್ಲಿ ಹುಟ್ಟಿ, ಇಂಗ್ಲಿಷ್ ಮೇಷ್ಟರಾಗಿ ಬೆಳೆದ ಬಿ.ಎಂ.ಶ್ರೀ. ಅವರ ‘ಶ್ರೀ’ ಮುಂದಿನ ಚುಕ್ಕಿಯನ್ನು ಯಾರಾದರೂ ನುಂಗಿದರೆ ನನಗೆ ಹಲ್ಲು ಉದುರಿದ ಬಾಯಿ ಕಂಡಂತಾಗುತ್ತದೆ.)

ನಾನು ಮಾಡುವ ಉಪಾಯ ಇಷ್ಟೆ: ಮೊದಲು ಕನ್ನಡದಲ್ಲಿ ಹೇಳಿನೋಡುವುದು. ಬರೀ ‘ರು’, ‘ಗಳು’ ಬಂದರೆ ಕೊಕ್ಕೆಗೆ ಕೆಲಸವಿಲ್ಲ. ‘ನ’, ‘ಯ’ ಬಂದರೆ ಎಸ್‌ಗೆ ಮುಂಚೆ. ‘ರ’, ‘ಗಳ’ ಬಂದರೆ ಎಸ್ ದಾಟಿದ ಮೇಲೆ. ಕುಣಿಗಲ್ ಸ್ಟಡ್ ಫಾರಮ್ಮಿನ ಕುದುರೆಯ ಲಾಳಕ್ಕೂ ಕುದುರೆಗಳ ಲಾಯಕ್ಕೂ ಇಂಗ್ಲಿಷಿನ ಉಚ್ಚಾರ ಒಂದೇ, ಕೊಕ್ಕೆಯ ಜಾಗ ಬೇರೆ. ಚಿಲ್ಡ್ರನ್, ವಿಮೆನ್ ಮಾತ್ರ ಎಸ್ ಇಲ್ಲದೆಯೇ ಬಹುವಚನವಾದವು; ಅಲ್ಲಿ ಕೊಕ್ಕೆ ಮುಂಚೆಯೇ. ಎಲ್ಲರೂ ಮುಗ್ಗರಿಸುವ ‘ಇಟ್ಸ್’ ಇನ್ನೂ ಸುಲಭ: ‘ಅದರ’ ಎಂದಾದರೆ ಕೊಕ್ಕೆ ಇಲ್ಲ, ‘ಅದು’ ಎಂದಾದರೆ ಉಂಟು.

ಇಂಗ್ಲಿಷರೇನೂ ಇದರಲ್ಲಿ ಪತಿವ್ರತೆಯರಲ್ಲ. ಲಂಡನ್ನಿನ ಪಿಕಡಿಲಿ ರೈಲುಮಾರ್ಗದಲ್ಲಿ ಅರ್ಲ್ಸ್ ಕೋರ್ಟ್ ನಿಲ್ದಾಣಕ್ಕೆ ಕೊಕ್ಕೆ ಇದೆ, ಪಕ್ಕದ ಬ್ಯಾರನ್ಸ್ ಕೋರ್ಟಿಗೆ ಇಲ್ಲ. ಹಾಗಾಗಿ ಫ್ಲೆಕ್ಸ್ ಮಾಡುವ ಅಣ್ಣಂದಿರೇ, ಅನುಮಾನವಿದ್ದರೆ ಕೊಕ್ಕೆಯನ್ನೇ ಬಿಟ್ಟುಬಿಡಿ. ಬರೀ ‘ಬಾಯ್ಸ್ ಹಾಸ್ಟೆಲ್’ ಎಂದರೂ ನಡೆಯುತ್ತದೆ.