ಒಗೆಯುವ ಕಲ್ಲು ಮತ್ತು ಒಂದು ಪುಸ್ತಕ

ತುಮಕೂರು ಜಿಲ್ಲೆಯ ನಮ್ಮೂರ ಹಿತ್ತಲಲ್ಲಿ ಬಟ್ಟೆ ಒಗೆಯಲು ಒಂದು ಅಗಲವಾದ ಕಲ್ಲಿತ್ತು. ಅದರ ಒಂದು ಅಂಚಿನಲ್ಲಿ ಕೆತ್ತನೆ ಸವೆದೂ ಉಳಿದಿತ್ತು. ಕಂಬದಿಂದ ಹೊರಟು ಮೊಣಕೈಯಲ್ಲಿ ಮಡಿಸಿ ಮೇಲೆತ್ತಿದ ಒಂದು ಕೈ, ಕೈತುಂಬ ಬಳೆ. ಸೋಪಿನ ನೊರೆ ಆ ಬಳೆಗಳ ಸಂದಿನಲ್ಲಿ ನಿಲ್ಲುತ್ತಿತ್ತು. ಬಳೆ ಎಣಿಸುವುದು ನನಗೂ ತಂಗಿಗೂ ಒಂದು ಆಟ.

ಬಿ.ಎ. ಓದುವಾಗ ಕಾಲೇಜಿನ ಲೈಬ್ರರಿಯಲ್ಲಿ ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಕೈಗೆ ಸಿಕ್ಕಿತು. ಅದನ್ನು ಓದಿದ ಮೇಲೆಯೇ ನನಗೆ ಹೊಳೆದದ್ದು, ನಾವು ಒಗೆಯುತ್ತಿದ್ದುದು ಮಾಸ್ತಿಕಲ್ಲಿನ ಮೇಲೆ ಎಂದು! ಗಂಡನ ಚಿತೆ ಏರಿದ ಯಾವಳೋ ಒಬ್ಬಳ ಕೈ ಅದು.

ಈ ಪುಸ್ತಕ ಅಚ್ಚಾದದ್ದು 1966ರಲ್ಲಿ. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ಅವರು ಸಾವಿರಾರು ಶಾಸನಗಳನ್ನು ಹನ್ನೆರಡು ಸಂಪುಟಗಳಲ್ಲಿ ಮೊದಲೇ ಒದಗಿಸಿಕೊಟ್ಟಿದ್ದರು. ಆದರೆ ಶಾಸನವೆಂದರೆ ರಾಜರ ವಂಶಾವಳಿ, ಯುದ್ಧದ ತಾರೀಖು ಎಂಬ ಭಾವನೆಯೇ ಹೆಚ್ಚಾಗಿತ್ತು. ಚಿದಾನಂದಮೂರ್ತಿಯವರು ಕ್ರಿ.ಶ. 450ರಿಂದ 1150ರವರೆಗಿನ ಅದೇ ಕಲ್ಲುಗಳನ್ನು ಬೇರೆ ರೀತಿಯಲ್ಲಿ ಕೇಳಿದರು. ಜನ ಯಾವ ದೇವರನ್ನು ನಂಬಿದರು, ಮಕ್ಕಳಿಗೆ ಎಲ್ಲಿ ಪಾಠ ಹೇಳಿಸಿದರು, ಒಡೆಯನಿಗಾಗಿ ಏಕೆ ಪ್ರಾಣ ಕೊಟ್ಟರು? ದೂರದ ಕಾಂಬೋಡಿಯದ ಗುಡಿಗಳ ಶಾಸನಗಳನ್ನು ಓದಿದ ಜಾರ್ಜ್ ಸೆದೆಸ್, 1918ರಲ್ಲಿ ಶ್ರೀವಿಜಯವೆಂಬ ಮರೆತುಹೋದ ರಾಜ್ಯವನ್ನು ಗುರುತಿಸಿ ತೋರಿಸಿದರು. ನಮ್ಮವರು ಹುಡುಕಿಕೊಟ್ಟದ್ದು ರಾಜ್ಯವನ್ನಲ್ಲ, ಮನೆ ಮತ್ತು ಊರನ್ನು. ನನಗೆ ಅದು ಕಡಿಮೆ ಕೆಲಸವೆಂದು ತೋರುವುದಿಲ್ಲ.

ಪುಸ್ತಕ ಸುಲಭವಲ್ಲ. ಪಿಎಚ್.ಡಿ. ಪ್ರಬಂಧವಾದ್ದರಿಂದ ಹಳಗನ್ನಡದ ಸಾಲುಗಳು ಒತ್ತೊತ್ತಾಗಿ ಬರುತ್ತವೆ. ಅಡುಗೆ ಮುಗಿಸಿ ಕುಳಿತು ಓದುವವರಿಗೆ ದಿನಕ್ಕೆ ನಾಲ್ಕು ಪುಟ ಸಾಕು. ಆದರೆ ಎಲ್ಲಿಯೂ ಅಬ್ಬರವಿಲ್ಲ, ಆಧಾರವಿಲ್ಲದೆ ಮಾತು ಮುಂದೆ ಹೋಗುವುದಿಲ್ಲ. ಲೇಖಕರು ಮುಂದೆ ತೊಡಗಿದ ವಾದವಿವಾದಗಳಲ್ಲಿ ನನಗೆ ಒಪ್ಪಿಗೆಯಾಗದವು ಹಲವು. ಆ ಅಸಮಾಧಾನವನ್ನು ಈ ಪುಸ್ತಕದ ಮೇಲೆ ತೀರಿಸಿಕೊಳ್ಳುವುದು ಮಾತ್ರ ನ್ಯಾಯವಲ್ಲ.

ಹೆಂಗಸಾಗಿ ಓದಿದಾಗ ಶಾಸನಗಳ ಬಗ್ಗೆಯೇ ನನಗೊಂದು ಕೊರತೆ ಕಾಣುತ್ತದೆ. ಬೆಳತೂರಿನ 1057ರ ಶಾಸನದ ದೇಕಬ್ಬೆಯನ್ನು ನೋಡಿ. ಹೆತ್ತವರು ಬೇಡವೆಂದು ಗೋಗರೆದರೂ ಕೇಳದೆ ಬೆಂಕಿ ಹೊಕ್ಕಳು. ಅವಳ ಬಗ್ಗೆ ಪದ್ಯ ಕಟ್ಟಿದವರು ಬೇರೆಯವರು. ಅವಳ ಮನಸ್ಸಿನಲ್ಲಿದ್ದದ್ದು ನಮಗೆ ಬರುವುದು ಅವರ ಬಾಯಿಂದಲೇ. ಅವಳಿಗಿಂತ ಸುಮಾರು ನೂರೈವತ್ತು ವರ್ಷ ಮೊದಲು, 911ರಲ್ಲಿ, ಗಂಡ ಸತ್ತ ಮೇಲೆ ಜಕ್ಕಿಯಬ್ಬೆ ಚಿತೆ ಏರಲಿಲ್ಲ. ಅವನ ಅಧಿಕಾರವನ್ನೇ ವಹಿಸಿಕೊಂಡು ನಾಗರಖಂಡ ಎಪ್ಪತ್ತನ್ನು ಆಳಿದಳು. 918ರಲ್ಲಿ ಬಂದಣಿಕೆಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟಳು. ಹಾಗಾದರೆ ಆ ಕಾಲದಲ್ಲೂ ಹೆಣ್ಣಿಗೆ ದಾರಿ ಒಂದೇ ಆಗಿರಲಿಲ್ಲ. 'ಆಗಿನ ಕಾಲವೇ ಹಾಗೆ' ಎಂದು ನಾವು ಸುಲಭವಾಗಿ ಹೇಳುವ ಮಾತನ್ನು ಈ ಎರಡು ಕಲ್ಲುಗಳು ಒಪ್ಪುವುದಿಲ್ಲ. ಇದನ್ನು ಎಂಟನೇ ತರಗತಿಯ ಹುಡುಗಿಯರಿಗೆ ಹೇಳಿದಾಗಲೆಲ್ಲ ಅವರು ಕೇಳುವುದು ಜಕ್ಕಿಯಬ್ಬೆಯ ಕಥೆಯನ್ನೇ.

ಇನ್ನೊಂದು ಮಿತಿ ವಿಷಯದ್ದೇ. ಶಾಸನದ ಅಧ್ಯಯನಕ್ಕೆ ಅಕ್ಷರ ಬೇಕು. ಅಕ್ಷರವಿಲ್ಲದ ಕಲ್ಲುಗಳು ನಮ್ಮ ಹಳ್ಳಿಗಳಲ್ಲಿ ಎಷ್ಟಿಲ್ಲ! ಹೆಸರು ಬರೆಸುವಷ್ಟು ಅನುಕೂಲವಿಲ್ಲದವರ ಹೆಂಗಸರು ಬರಿಯ ಕೈಯಾಗಿ ಉಳಿದಿದ್ದಾರೆ.

ಪುಸ್ತಕ ಓದಿದ ವರ್ಷ ಯುಗಾದಿ ರಜೆಗೆ ಊರಿಗೆ ಹೋದೆ. ಹಿತ್ತಲಲ್ಲಿ ಕಲ್ಲಿರಲಿಲ್ಲ. ಹೊಸ ಕೋಣೆಯ ತಳಪಾಯಕ್ಕೆ ಹಾಕಿಸಿದ್ದರು. "ಕಲ್ಲು ತಾನೇ ಕಣೇ, ಗಟ್ಟಿಯಾಗಿತ್ತು" ಎಂದಳು ಅಮ್ಮ. ಅದೇನೆಂದು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳ ಹೆಸರೇನಂತೆ?" ಎಂದು ಕೇಳಿದಳು. ಹೆಸರು ಬರೆದಿರಲಿಲ್ಲ ಎಂದೆ.

ಚಿದಾನಂದಮೂರ್ತಿಯವರು ನಮ್ಮ ವಿಜಯನಗರದಲ್ಲೇ ಇದ್ದರು. 2020ರ ಜನವರಿಯಲ್ಲಿ ತೀರಿಕೊಂಡರು. ಇಷ್ಟು ಹತ್ತಿರವಿದ್ದೂ ಒಂದು ದಿನ ಹೋಗಿ ಈ ಕಲ್ಲಿನ ವಿಷಯ ಹೇಳಲು ನನಗೆ ಧೈರ್ಯವಾಗಲಿಲ್ಲ. ನಿಮ್ಮ ಊರಿನ ಹಿತ್ತಲಲ್ಲೋ ಕೆರೆಯ ಏರಿಯ ಮೇಲೋ ಅಂಥ ಕೈ ಇದ್ದರೆ, ದಯವಿಟ್ಟು ಒಮ್ಮೆ ತೊಳೆದು ನೋಡಿ.