ಫಲಕದ ಇಸವಿಯೂ ಯಂತ್ರದ ವಯಸ್ಸೂ

ಹಳೆಯ ವಸ್ತುಗಳನ್ನು ಕೂಡಿಡುವ ಹವ್ಯಾಸ ನಮ್ಮ ಮಹಾನಗರದ ಕನ್ನಡ ಮನೆಗಳಲ್ಲಿಯೂ ಉಂಟು. ಗೋಡೆ ಗಡಿಯಾರ, ಹಿತ್ತಾಳೆಯ ದೀಪ, ಕಹಳೆಯ ಹಾಡುಪೆಟ್ಟಿಗೆ. ಪಕ್ಕದಲ್ಲೊಂದು ಚೀಟಿ, ಚೀಟಿಯಲ್ಲೊಂದು ಇಸವಿ. ಈ ಇಸವಿಯ ಮೋಹದ ಬಗ್ಗೆ, ಅದರಲ್ಲೂ ಸಿಲಿಂಡರ್ ಫೋನೋಗ್ರಾಫಿನ ವಿಷಯದಲ್ಲಿ, ನಾಲ್ಕು ಮಾತು ಹೇಳಬೇಕೆನಿಸಿದೆ. ನಾವೂ ಪೆಟ್ಟು ತಿಂದವರಾದ್ದರಿಂದ ಈ ಧೈರ್ಯ ಮಾಡಿದ್ದೇವೆ.

ಮೊದಲು ಒಂದು ಸ್ಪಷ್ಟನೆ. ತಟ್ಟೆಯಂಥ ರಿಕಾರ್ಡನ್ನು ನುಡಿಸುವುದು ಗ್ರಾಮಫೋನು. ಫೋನೋಗ್ರಾಫ್ ಅದಕ್ಕೂ ಹಿರಿಯದು. ಇದರ ರಿಕಾರ್ಡು ಲೋಟದ ಗಾತ್ರದ ಟೊಳ್ಳು ಕೊಳವೆ. ಅಮೆರಿಕದ ಎಡಿಸನ್ 1877ರಲ್ಲಿ ಇದನ್ನು ಕಂಡುಹಿಡಿದರೂ, ಕೀಲಿ ಕೊಟ್ಟು ಮನೆಯಲ್ಲಿ ನುಡಿಸಬಹುದಾದ ಅವರ ಅಗ್ಗದ ಯಂತ್ರಗಳು ಬಂದದ್ದು ಸುಮಾರು ಇಪ್ಪತ್ತು ವರ್ಷಗಳ ಮೇಲೆ: 1896ರಲ್ಲಿ ‘ಹೋಮ್’, 1898ರಲ್ಲಿ ‘ಸ್ಟ್ಯಾಂಡರ್ಡ್’, 1899ರಲ್ಲಿ ‘ಜೆಮ್’. 1929ರಲ್ಲಿ ಎಡಿಸನ್ ಕಂಪೆನಿ ಈ ವ್ಯಾಪಾರವನ್ನೇ ಕೈಬಿಟ್ಟಿತು. ಮೂವತ್ತು ಚಿಲ್ಲರೆ ವರ್ಷಗಳ ಈ ಅವಧಿಯಲ್ಲಿ ನಮ್ಮ ಕೈಗೆ ಬಂದ ಯಂತ್ರ ಎಲ್ಲಿ ನಿಲ್ಲುತ್ತದೆ? ಪ್ರಶ್ನೆ ಇಷ್ಟೇ.

ಕೆಲವು ವರ್ಷಗಳ ಹಿಂದೆ ನಾವು ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಒಂದು ‘ಸ್ಟ್ಯಾಂಡರ್ಡ್’ ಕೊಂಡೆವು. ಅಂಗಡಿಯವನು ಯಂತ್ರದ ಮೇಲಿನ ಪೇಟೆಂಟ್ ಫಲಕದಲ್ಲಿ 1898 ಎಂಬುದನ್ನು ಬೆರಳಿಟ್ಟು ತೋರಿಸಿ, ಆ ಇಸವಿಗೆ ತಕ್ಕ ಬೆಲೆ ಹೇಳಿದ. ನಾವೂ ಹಿಗ್ಗಿ, ಮನೆಗೆ ಬಂದವರಿಗೆಲ್ಲ ಆ ಇಸವಿಯನ್ನೇ ಹೇಳುತ್ತಿದ್ದೆವು. ಕೆಳಗಿನ ಸಾಲುಗಳನ್ನು ಓದುವ ತಾಳ್ಮೆ ಬಂದದ್ದು ಹಲವು ತಿಂಗಳ ಮೇಲೆ. ಪಟ್ಟಿಯ ಕೊನೆಯಲ್ಲಿ 1903 ಇತ್ತು; ಮಾದರಿಯ ಅಕ್ಷರ ‘ಬಿ’ ಎಂದಿತ್ತು. ‘ಸ್ಟ್ಯಾಂಡರ್ಡ್’ನ ‘ಬಿ’ ಮಾದರಿ ತಯಾರಾಗತೊಡಗಿದ್ದು 1905ರಲ್ಲಿ.

ಪೇಟೆಂಟ್ ಫಲಕವೆಂದರೆ ಯಂತ್ರದ ಜಾತಕವಲ್ಲ. ಅದರೊಳಗಿನ ಒಂದೊಂದು ಉಪಾಯಕ್ಕೆ ಯಾವಾಗ ಹಕ್ಕು ದೊರೆಯಿತೆಂಬುದರ ಪಟ್ಟಿ. ಮೊದಲ ತಾರೀಖನ್ನು ನಂಬಿದರೆ ಮಗನ ವಯಸ್ಸನ್ನು ಅಜ್ಜನ ಹುಟ್ಟಿನಿಂದ ಎಣಿಸಿದಂತೆ. ಕೊನೆಯ ತಾರೀಖೂ ‘ಇದಕ್ಕಿಂತ ಹಳೆಯದಲ್ಲ’ ಎಂದಷ್ಟೇ ಹೇಳೀತು. ಅದರ ಜೊತೆಗೆ ಮಾದರಿಯ ಅಕ್ಷರ, ಕ್ರಮಸಂಖ್ಯೆ, ಪೆಟ್ಟಿಗೆಯ ರೂಪ, ಒಳಗಿನ ಹಲ್ಲುಗಾಲಿಗಳು ಎಲ್ಲವೂ ಸಾಕ್ಷಿ ಹೇಳಬೇಕು.

ಹಲ್ಲುಗಾಲಿಯ ಸಾಕ್ಷಿ ಎಲ್ಲಕ್ಕಿಂತ ಸ್ವಾರಸ್ಯವಾದದ್ದು. ಮೊದಲ ಸಿಲಿಂಡರುಗಳು ಅಂಗುಲಕ್ಕೆ 100 ಗೆರೆಯವು, ಸುಮಾರು ಎರಡು ನಿಮಿಷ ಹಾಡುವಂಥವು. 1908ರಲ್ಲಿ ಎಡಿಸನ್ ಕಂಪೆನಿ ಅಂಗುಲಕ್ಕೆ 200 ಗೆರೆಯ ‘ಆಂಬೆರಾಲ್’ ತಂದಿತು. ಹಾಡು ನಾಲ್ಕು ನಿಮಿಷವಾಯಿತು. ಹಳೆಯ ಗಿರಾಕಿಗಳು ಕೈತಪ್ಪದಿರಲೆಂದು ಹಳೆಯ ಯಂತ್ರಗಳಿಗೆ ಜೋಡಿಸುವ ಹೊಸ ಗಾಲಿಗಳನ್ನೂ ಮಾರಿತು. ನಮ್ಮ ‘ಬಿ’ ಮಾದರಿಯೊಳಗೂ ಎರಡಕ್ಕೂ ಸಲ್ಲುವ ಅಂಥ ಗಾಲಿ ಇತ್ತು. ಇದನ್ನು ಕಂಡೊಡನೆ ‘ಕಲಬೆರಕೆ ಮಾಲು’ ಎಂದು ಮೂಗು ಮುರಿಯುವ ಸಂಗ್ರಾಹಕರುಂಟು. ಆ ತೀರ್ಪು ನಮಗೆ ಒಪ್ಪಿಗೆಯಿಲ್ಲ. ಊರಿನಿಂದ ತಂದ ಕೊಳಗವೂ ಇಲ್ಲಿ ಕೊಂಡ ಕಪಾಟೂ ಒಂದೇ ಮನೆಯಲ್ಲಿದ್ದರೆ ಅದು ಸುಳ್ಳು ಸಂಸಾರವೆ? ಯಂತ್ರದ ಒಡೆಯ ಹೊಸ ಹಾಡು ಕೇಳಲು ದುಡ್ಡು ಖರ್ಚು ಮಾಡಿದ್ದಕ್ಕೆ ಆ ಗಾಲಿಯೇ ದಾಖಲೆ. ಅದನ್ನು ಕಿತ್ತು ಯಂತ್ರವನ್ನು ‘ಶುದ್ಧ’ಗೊಳಿಸುವುದು ದಾಖಲೆಯನ್ನು ಹರಿದು ಹಾಕಿದಂತೆ.

ಕಹಳೆಯ ಮಾತು ಬೇರೆ. ‘ಸ್ಟ್ಯಾಂಡರ್ಡ್’ನೊಡನೆ ಮೊದಲು ಬರುತ್ತಿದ್ದದ್ದು 14 ಅಂಗುಲದ ಪುಟ್ಟ ಕಹಳೆ. ದೊಡ್ಡ ಹೂವಿನಾಕಾರದ ಕಹಳೆಗಳೂ ಆ ಕಾಲದಲ್ಲಿ ಇದ್ದವೆಂಬುದು ನಿಜ. ಆದರೆ ಇಂದಿನ ಪೇಟೆಯಲ್ಲಿ ಥಳಥಳಿಸುವ ಹೊಸ ಹಿತ್ತಾಳೆ ಕಹಳೆಯನ್ನು ಜೋಡಿಸಿ ‘ಅಸಲಿ’ ಎಂದು ಮಾರುವುದಕ್ಕೆ ಮೋಸವೆಂದೇ ಹೆಸರು. ಒಡೆಯನ ದುರಸ್ತಿಗೂ ವರ್ತಕನ ಸೋಗಿಗೂ ಇರುವ ಈ ಅಂತರವನ್ನು ಅರಿಯುವುದೇ ಸಂಗ್ರಾಹಕನ ವಿವೇಕ.

ಇಷ್ಟೆಲ್ಲ ತರ್ಕ ಏಕೆ, ಇಸವಿ ಹತ್ತು ವರ್ಷ ಆಚೀಚೆಯಾದರೆ ಗಂಟೇನು ಹೋಯಿತು ಎಂದು ವಾಚಕರು ಕೇಳಬಹುದು. ಗಂಟು ಹೋದದ್ದು ನಮ್ಮ ಮನೆಯಲ್ಲೇ. ಗ್ರಾಮಫೋನಿನ ಸೌಂಡ್‌ಬಾಕ್ಸಿನ ಜಾಗದಲ್ಲಿ ಫೋನೋಗ್ರಾಫಿಗೆ ರಿಪ್ರೊಡ್ಯೂಸರ್ ಇರುತ್ತದೆ. ಅದರ ಮಾದರಿಯ ಅಕ್ಷರವನ್ನು ಅದರ ಮೇಲೆಯೇ ಕೆತ್ತಿರುತ್ತಾರೆ. ‘ಸಿ’ ಎಂಬುದು ಎರಡು ನಿಮಿಷದ ಅಗಲ ಗೆರೆಗೆ, ‘ಎಚ್’ ನಾಲ್ಕು ನಿಮಿಷದ ಸಣ್ಣ ಗೆರೆಗೆ, ‘ಕೆ’ ಎರಡಕ್ಕೂ. ನಮ್ಮದರಲ್ಲಿದ್ದದ್ದು ‘ಸಿ’. ನಾವು ಅದನ್ನು ನೋಡದೆ ಕಪ್ಪು ಮೇಣದ ಆಂಬೆರಾಲ್ ಒಂದನ್ನು ಏರಿಸಿದೆವು. ಗಾಲಿ ಸರಿಯಿದ್ದುದರಿಂದ ಹಾಡು ಸರಾಗವಾಗಿ ಸಾಗಿತು. ಮಕ್ಕಳು ಇನ್ನೊಮ್ಮೆ, ಮತ್ತೊಮ್ಮೆ ಎಂದರು. ಅಗಲವಾದ ಮುಳ್ಳು ಸಣ್ಣ ಗೆರೆಯನ್ನು ತಿನ್ನುತ್ತಲೇ ಇತ್ತು. ನಾಲ್ಕನೆಯ ಸಲಕ್ಕೆ ಹಾಡಿನವನ ದನಿ ಬರಿಯ ಸುಯ್ಯೆನ್ನುವ ಸದ್ದಾಗಿತ್ತು. ನೂರು ವರ್ಷ ದಾಟಿ ಬಂದ ದನಿಯನ್ನು ಒಂದು ಸಂಜೆಯಲ್ಲಿ ಕೊಂದವರು ನಾವು. ಅಂಗಡಿಯವನು ಹಣ ಕಿತ್ತದ್ದು ಮರೆತೀತು, ಇದು ಮರೆಯದು.

1912ರಿಂದ ಬಂದ ನೀಲಿ ‘ಬ್ಲೂ ಆಂಬೆರಾಲ್’ ಸೆಲ್ಯುಲಾಯ್ಡಿನದು. ಅದಕ್ಕೆಂದು ಮಾಡಿದ ಭಾರದ ವಜ್ರದ ಮುಳ್ಳನ್ನು ಮೇಣದ ಮೇಲೆ ಇಟ್ಟರೂ ಇದೇ ಗತಿ. ಕಡಲೂರಿನ ಮಳೆಗಾಲವೂ ವೈರಿಯೇ: ತೇವಕ್ಕೆ ಮೇಣ ಬೂಸಲು ಹಿಡಿಯುತ್ತದೆ, ನೀಲಿಯದರ ಒಳಗಿನ ಪ್ಲಾಸ್ಟರ್ ಉಬ್ಬುತ್ತದೆ. ಬಲವಂತವಾಗಿ ತೂರಿಸಿದರೆ ಬಿರುಕು.

ಇನ್ನೊಂದು ಮಾತು. ಈ ಯಂತ್ರದಲ್ಲಿ ಖಾಲಿ ಮೇಣದ ಮೇಲೆ ಮನೆಯಲ್ಲೇ ದನಿ ಮುದ್ರಿಸಬಹುದಿತ್ತು. ಕಲ್ಕತ್ತೆಯ ಎಚ್. ಬೋಸ್ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ರವೀಂದ್ರನಾಥ ಠಾಕೂರರ ದನಿಯನ್ನು ಹಿಡಿದದ್ದು ಸಿಲಿಂಡರಿನ ಮೇಲೆಯೇ. ಆದ್ದರಿಂದ ಹೆಸರು ಕೆತ್ತದ ಕೊಳವೆಯೊಂದು ಸಿಕ್ಕರೆ ನುಡಿಸಿ ನೋಡುವ ಆತುರ ಬೇಡ. ಅದರಲ್ಲಿ ಯಾರದೋ ಅಜ್ಜಿಯ ಮಾತಿದ್ದೀತು, ಬೇರೆಲ್ಲೂ ಪ್ರತಿಯಿಲ್ಲದ್ದು.

ಚೀಟಿಯಲ್ಲಿ ಒಂದೇ ಇಸವಿ ಬರೆಯುವ ಪದ್ಧತಿಯನ್ನು ಬಿಡೋಣ. ಪೆಟ್ಟಿಗೆ, ಗಾಲಿ, ರಿಪ್ರೊಡ್ಯೂಸರ್, ಕಹಳೆ, ಒಂದೊಂದಕ್ಕೂ ಒಂದೊಂದು ಸಾಲಿರಲಿ. ನಮ್ಮ ಚೀಟಿಯಲ್ಲಿ ಈಗ ಹಾಗೆಯೇ ಇದೆ. ಕೊನೆಯ ಸಾಲಿನಲ್ಲಿ, ಹಾಳಾದ ಆ ಆಂಬೆರಾಲಿನ ವಿಷಯವನ್ನೂ ಬರೆದಿದ್ದೇವೆ.